ತೊಗರಿ ಹೂವಿನ ಮೇಲೆ ಅಂಜದೆ ಕುಳಿತ ಹುಳು

(ಕಲಬುರಗಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಸುತ್ತಲಿನ ರೈತರ ಮುಂದೆ ಮಾಡಿದ ಭಾಷಣ. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಭಿಕರ ಪ್ರಶ್ನೆಗಳು ಬಂದ ಜಾಗದಲ್ಲಿಯೇ ಇವೆ.)

ಎಲ್ಲರಿಗೂ ಶರಣು ಶರಣಾರ್ಥಿ.

ತೊಗರಿ ಹೊಲದಲ್ಲಿ ಒಮ್ಮೆಯೂ ಕಾಲಿಡದವರು ಕೈ ಎತ್ತಿ ಎಂದರೆ ಇಡೀ ಸಭೆಯಲ್ಲಿ ನಾಲ್ಕೇ ಕೈಗಳು ಮೇಲೆದ್ದಿವೆ. ನನ್ನ ಕೆಲಸ ಹಗುರವಾಯಿತು. ಇಂದಿನ ವಿಷಯ ಹೇಳಲು ಅಮೆಜಾನ್ ಕಾಡಿಗೂ ಹೋಗಬೇಕಾಗುತ್ತದೆ, ಹೋಗೋಣ. ಆದರೆ ಹೊರಡುವುದು ಆಳಂದ ರಸ್ತೆಯ ಬದಿಯ ಯಾವುದಾದರೂ ತೊಗರಿ ಹೊಲದಿಂದ.

ದಸರೆ ಕಳೆದು ದೀಪಾವಳಿ ಹತ್ತಿರ ಬರುವ ಹೊತ್ತಿಗೆ ತೊಗರಿ ಹೂವಿನಲ್ಲಿರುತ್ತದೆ. ಆಗ ಅದರ ಮೇಲೆ ಎರಡು ಬಗೆಯ ಹುಳುಗಳನ್ನು ನೋಡಬಹುದು. ಒಂದು ಕಾಯಿಕೊರಕ. ‘ನೋಡಬಹುದು’ ಎಂದೆ, ಆದರೆ ಅದು ಸುಲಭಕ್ಕೆ ಕಾಣುವುದಿಲ್ಲ. ಹಸಿರು ಕಾಯಿಗೆ ಅಂಟಿಕೊಂಡ ಹಸಿರು ಹುಳು. ತಲೆ ಕಾಯಿಯ ಒಳಗೆ, ಮೈ ಹೊರಗೆ. ನಮ್ಮ ರೈತರು ಅದನ್ನು ಹುಡುಕಿ ಹುಡುಕಿ ಬೇಸತ್ತು, ಗಿಡದ ಕೆಳಗೆ ತಾಡಪಾಲು ಹಾಸಿ, ಗಿಡವನ್ನೇ ಹಿಡಿದು ಜಾಡಿಸಿ ಉದುರಿಸುವ ಉಪಾಯ ಕಂಡುಕೊಂಡರು. ಉದುರಿದ ಹುಳುಗಳನ್ನು ಕೋಳಿಗಳು ಹಬ್ಬದೂಟ ಮಾಡಿದವು.

ಇನ್ನೊಂದು, ಕಪ್ಪು ಮೈಯ ಮೇಲೆ ದಪ್ಪ ಕಿತ್ತಳೆ ಪಟ್ಟೆಗಳಿರುವ ದುಂಬಿ. ಅದನ್ನು ಹುಡುಕಬೇಕಾಗಿಲ್ಲ. ಗಿಡದ ತುತ್ತತುದಿಯ ಹೂವಿನ ಮೇಲೆ, ಹಾಡಹಗಲೇ, ಮೆರವಣಿಗೆಯಲ್ಲಿ ಹೊರಟಂತೆ ಕುಳಿತಿರುತ್ತದೆ. ಹತ್ತಿರ ಹೋದರೂ ಹಾರುವುದಿಲ್ಲ. ಆರನೆಯ ಇಯತ್ತೆಯಲ್ಲಿದ್ದಾಗ ನಾನು ಇಂಥ ಒಂದನ್ನು ಹಿಡಿದು ಮುಷ್ಟಿಯಲ್ಲಿಟ್ಟುಕೊಂಡೆ. ಅದರ ಕಾಲಿನ ಕೀಲುಗಳಿಂದ ಹಳದಿ ರಸ ಜಿನುಗಿತು. ಅದೇ ಕೈಯಿಂದ ಕತ್ತು ಒರೆಸಿಕೊಂಡೆ. ಮರುದಿನ ಕತ್ತಿನ ಮೇಲೆ ಸುಟ್ಟಂಥ ಬೊಬ್ಬೆ. ಅಮ್ಮ ಕೇಳಿದಾಗ ಬೆಲ್ಲದ ಗಾಣದ ಹತ್ತಿರ ಹೋಗಿದ್ದೆ ಎಂದು ಸುಳ್ಳು ಹೇಳಿದ್ದೆ. ಆ ರಸದಲ್ಲಿರುವ ವಸ್ತುವಿನ ಹೆಸರು ಕ್ಯಾಂಥರಿಡಿನ್ ಎಂದು ತಿಳಿಯಲು ಎಂ.ಎಸ್ಸಿ. ತನಕ ಕಾಯಬೇಕಾಯಿತು. ಈ ದುಂಬಿಗಳ ಕುಲದಲ್ಲಿ ಅದನ್ನು ತಯಾರಿಸುವುದು ಮುಖ್ಯವಾಗಿ ಗಂಡು. ಕೂಡುವಾಗ ಹೆಣ್ಣಿಗೆ ಉಡುಗೊರೆಯಾಗಿ ಕೊಡುತ್ತದೆ, ಹೆಣ್ಣು ಅದನ್ನು ತನ್ನ ಮೊಟ್ಟೆಗಳಿಗೆ ಬಳಿದು ಕಾಪಾಡುತ್ತದೆ.

ಆ ಹುಳುವನ್ನು ನಾನು ಮತ್ತೆ ಮುಟ್ಟಲಿಲ್ಲ. ಒಂದೇ ಪಾಠ, ಐವತ್ತು ವರ್ಷದ ನೆನಪು. ಗೊರವಂಕಕ್ಕೂ ಕಾಜಾಣಕ್ಕೂ ಆಗುವುದು ಇದೇ. ರುಚಿಯಾದ ಹುಳು ಅಡಗಬೇಕು, ವಿಷದ ಹುಳು ತೋರಿಸಿಕೊಳ್ಳಬೇಕು. ಕೇಳಲು ಎಷ್ಟು ಸರಳವಾಗಿದೆ ನೋಡಿ. ಈ ಸರಳ ಮಾತಿಗೆ ಡಾರ್ವಿನ್ನನೇ ತಡವರಿಸಿದ್ದ.

ಪ್ರಾಣಿಗಳ ಬೆಡಗಿನ ಬಣ್ಣಗಳಿಗೆಲ್ಲ ಡಾರ್ವಿನ್ ಒಂದು ಕಾರಣ ಹುಡುಕಿಟ್ಟಿದ್ದ: ಸಂಗಾತಿಯನ್ನು ಒಲಿಸಿಕೊಳ್ಳುವುದು. ನವಿಲಿಗೆ ಆ ಮಾತು ಸರಿ. ಆದರೆ ಕೆಲವು ಕಂಬಳಿಹುಳುಗಳು ಕೆಂಪು, ಹಳದಿ, ಕಪ್ಪು ಬಣ್ಣಗಳಲ್ಲಿ ಹೊಳೆಯುತ್ತವಲ್ಲ? ಅವು ಇನ್ನೂ ಮಕ್ಕಳು. ಅವಕ್ಕೆ ಕೂಡುವ ವಯಸ್ಸೇ ಬಂದಿಲ್ಲ. ಆತ ಕೀಟತಜ್ಞ ಹೆನ್ರಿ ಬೇಟ್ಸ್‌ನನ್ನು ಕೇಳಿದ. ಬೇಟ್ಸ್, ವಾಲೇಸ್‌ನನ್ನು ಕೇಳಿ ಎಂದ. 1867ರಲ್ಲಿ ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಕೊಟ್ಟ ಉತ್ತರ ಇಂದಿಗೂ ನಿಂತಿದೆ. ಕಂಬಳಿಹುಳು ಎಂದರೆ ನೀರು ತುಂಬಿದ ತೆಳು ಚೀಲ, ಒಂದು ಕುಕ್ಕು ಬಿದ್ದರೆ ಕಥೆ ಮುಗಿಯಿತು. ಹಕ್ಕಿ ಬಾಯಿಗೆ ಹಾಕಿಕೊಂಡ ಮೇಲೆ ಕಹಿ ಎಂದು ತಿಳಿದು ಉಗುಳಿದರೆ ಹುಳುವಿಗೇನು ಲಾಭ? ಮುಟ್ಟುವ ಮೊದಲೇ ತಿಳಿಯಬೇಕು. ಆದ್ದರಿಂದ ದೂರದಿಂದಲೇ ಕಾಣುವ, ಬೇರೆ ಹುಳುಗಳಿಗಿಲ್ಲದ ಬಣ್ಣ. ಜೆನರ್ ವಿಯರ್ ಎಂಬಾತ ಮನೆಯಲ್ಲಿ ಸಾಕಿದ ಹಕ್ಕಿಗಳ ಮುಂದೆ ಹುಳುಗಳನ್ನಿಟ್ಟು 1869ರಲ್ಲಿ ಫಲಿತಾಂಶ ಹೇಳಿದ: ಮಾಸಲು ಬಣ್ಣದ ನುಣುಪು ಹುಳುಗಳನ್ನು ಹಕ್ಕಿಗಳು ತಿಂದವು, ಬಣ್ಣದವುಗಳನ್ನು ಬಿಟ್ಟವು.

ಇಲ್ಲಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದಿತ್ತು. ಆದರೆ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ನಿದ್ದೆಗೆಡಿಸಿದ ಪ್ರಶ್ನೆ ಬರುವುದೇ ಇಲ್ಲಿ.

ಎಲ್ಲ ದುಂಬಿಗಳೂ ಮಾಸಲು ಬಣ್ಣದವಾಗಿದ್ದ ಕಾಲವನ್ನು ಊಹಿಸಿಕೊಳ್ಳಿ. ಮೈಯಲ್ಲಿ ವಿಷವಿದೆ, ಬಣ್ಣವಿಲ್ಲ. ಅವುಗಳ ನಡುವೆ ಒಂದೇ ಒಂದು ಕಿತ್ತಳೆ ಪಟ್ಟೆ ಹೊತ್ತು ಹುಟ್ಟುತ್ತದೆ. ಎಲ್ಲರಿಗಿಂತ ಮೊದಲು ಹಕ್ಕಿಯ ಕಣ್ಣಿಗೆ ಬೀಳುವುದು ಅದೇ. ಕಿತ್ತಳೆ ಎಂದರೆ ಕಹಿ ಎಂದು ಆ ಹಕ್ಕಿಗೆ ಇನ್ನೂ ಯಾರೂ ಕಲಿಸಿಲ್ಲ. ಕುಕ್ಕುತ್ತದೆ. ಪಾಠ ಹಕ್ಕಿಗೆ, ಪ್ರಾಣ ದುಂಬಿಯದು. ಕಲಿತ ಹಕ್ಕಿ ಆಮೇಲೆ ಕಿತ್ತಳೆಯನ್ನು ಬಿಡಬಹುದು, ಆದರೆ ಬಿಡಲು ಇನ್ನೊಂದು ಕಿತ್ತಳೆ ದುಂಬಿ ಎಲ್ಲಿದೆ? ಮೊದಲನೆಯದು ಸತ್ತರೆ ಎರಡನೆಯದು ಬರುವುದು ಹೇಗೆ?

1930ರಲ್ಲಿ ತಳಿವಿಜ್ಞಾನಿ ರೊನಾಲ್ಡ್ ಫಿಶರ್ ಒಂದು ದಾರಿ ತೋರಿಸಿದ. ಅನೇಕ ವಿಷದ ಹುಳುಗಳು ಒಂದೇ ತಾಯಿಯ ಮಕ್ಕಳಾಗಿ ಒಂದೇ ಎಲೆಯ ಮೇಲೆ ಗುಂಪಾಗಿ ಬೆಳೆಯುತ್ತವೆ. ಹಕ್ಕಿ ಒಂದನ್ನು ಕುಕ್ಕಿ ಮುಖ ಸಿಂಡರಿಸಿಕೊಂಡರೆ ಅದರ ಒಡಹುಟ್ಟಿದವರು ಉಳಿಯುತ್ತಾರೆ. ಸತ್ತ ಹುಳುವಿನ ಗುಣವೇ ಅವರಲ್ಲೂ ಇರುವುದರಿಂದ ಬಣ್ಣ ಮುಂದಿನ ತಲೆಮಾರಿಗೆ ದಾಟುತ್ತದೆ. ಮನೆಗೊಬ್ಬರು ಹೋದರೂ ಮನೆತನ ಉಳಿಯಿತು ಎನ್ನುವ ಲೆಕ್ಕ. ದಶಕಗಳ ಕಾಲ ನಾವು ಮೇಷ್ಟರುಗಳು ಇದನ್ನೇ ತರಗತಿಯಲ್ಲಿ ಒಪ್ಪಿಸಿದೆವು. ಆಮೇಲೆ 1988ರಲ್ಲಿ ಬಿರ್ಗಿಟ್ಟಾ ಸಿಲೆನ್-ಟುಲ್ಬರ್ಗ್ ಎಂಬ ವಿಜ್ಞಾನಿ ಚಿಟ್ಟೆಗಳ ವಂಶವೃಕ್ಷವನ್ನು ಬಿಡಿಸಿಟ್ಟುಕೊಂಡು, ಯಾವುದು ಮೊದಲು ಬಂತು, ಬಣ್ಣವೋ ಗುಂಪೋ ಎಂದು ಕೊಂಬೆ ಕೊಂಬೆಯಲ್ಲಿ ನೋಡಿದರು. ಬಹುಪಾಲು ಕಡೆ ಎಚ್ಚರಿಕೆಯ ಬಣ್ಣ ಮೊದಲು ಬಂದಿತ್ತು, ಗುಂಪುಜೀವನ ಆಮೇಲೆ. ಅಂದರೆ ಗುಂಪು ಬಣ್ಣವನ್ನು ಕಾಪಾಡಿರಬಹುದು, ಹುಟ್ಟಿಸಿದ್ದು ಅದೇ ಎನ್ನಲು ಬಾರದು. ಫಿಶರನ ಉತ್ತರ ಸುಂದರವಾಗಿತ್ತು. ನನಗೆ ಈಗಲೂ ಅದರ ಮೇಲೆ ಮಮತೆಯಿದೆ, ಸುಳ್ಳು ಹೇಳುವುದಿಲ್ಲ.

ಹಾಗಾದರೆ ಮತ್ತೇನು? ಮೊದಲನೆಯ ದುಂಬಿ ಸಾಯಲೇಬೇಕು ಎಂದು ನಾವು ಹಿಡಿದುಕೊಂಡದ್ದೇ ತಪ್ಪಿರಬಹುದು. ವಾಲೇಸನ ಚೀಲದಂಥ ಕಂಬಳಿಹುಳುವಿನ ಮಾತು ಬೇರೆ, ನಮ್ಮ ತೊಗರಿ ದುಂಬಿಯ ಮಾತು ಬೇರೆ. ಇದರ ಮೈ ಗಟ್ಟಿ, ರಸ ಮೊದಲು ಹೊರಬರುತ್ತದೆ. ಹಕ್ಕಿ ಕಚ್ಚಿ, ನಾಲಿಗೆಗೆ ತಾಗಿದ ಕೂಡಲೇ ಉಗುಳಿದರೆ ದುಂಬಿ ಮೈ ಕೊಡವಿ ನಡೆದುಬಿಡುತ್ತದೆ. 1982ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಇಂಥ ಕೀಟಗಳನ್ನು ಹಿಂದೆಂದೂ ನೋಡಿರದ ಹಕ್ಕಿಗಳ ಮುಂದಿಟ್ಟು ಪರೀಕ್ಷಿಸಿದರು. ದಾಳಿಗೆ ಒಳಗಾದ ಕೀಟಗಳಲ್ಲಿ ಹೆಚ್ಚಿನವು ಜೀವಂತ ಉಳಿದವು. ಆಗ ಬಣ್ಣದ ಲಾಭ ಆ ದುಂಬಿಗೇ ಸಿಗುತ್ತದೆ, ಅಣ್ಣತಮ್ಮಂದಿರ ಹಂಗು ಬೇಕಾಗಿಲ್ಲ.

ಹಕ್ಕಿಗಳ ಸ್ವಭಾವವೂ ಇದಕ್ಕೆ ಒದಗಿಬರುತ್ತದೆ. ಊರಿಗೆ ಹೊಸದಾಗಿ ಬಂದ ಹೋಟೆಲಿನಲ್ಲಿ ಬಣ್ಣಬಣ್ಣದ ತಿಂಡಿ ಇಟ್ಟರೆ ಹಿರಿಯರು ದೂರದಿಂದ ನೋಡಿ, ನಾಲ್ಕು ದಿನ ಬಿಟ್ಟು ನೋಡೋಣ ಎನ್ನುವುದಿಲ್ಲವೇ? ಹಕ್ಕಿಗಳಲ್ಲಿಯೂ ಇಂಥ ಹಿರಿಯರಿದ್ದಾರೆ. ಪರಿಚಯವಿಲ್ಲದ ಬಣ್ಣದ ತಿನಿಸನ್ನು ಕೆಲವು ಹಕ್ಕಿಗಳು ದಿನಗಟ್ಟಲೆ ಮುಟ್ಟುವುದಿಲ್ಲ. ಅಪರೂಪದ ಬಣ್ಣ ಹೊತ್ತವನಿಗೆ ಇಷ್ಟು ಬಿಡುವು ಸಿಕ್ಕರೆ ನಾಲ್ಕು ಮೊಟ್ಟೆ ಇಡಲು ಸಾಕು.

ಇನ್ನೊಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆ. 2018ರಲ್ಲಿ ಪ್ರಕಟವಾದದ್ದು. ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿಗಳಿಗೆ ವೀಡಿಯೊ ತೋರಿಸಿದರು. ಪರದೆಯ ಮೇಲೆ ಇನ್ನೊಂದು ಹಕ್ಕಿ ಒಂದು ಗುರುತಿನ ಪೊಟ್ಟಣ ತೆರೆದು ಕಹಿ ತಿಂದು, ತಲೆ ಕೊಡವಿ, ಕೊಕ್ಕನ್ನು ಕೊಂಬೆಗೆ ತಿಕ್ಕಿಕೊಳ್ಳುತ್ತದೆ. ಇದನ್ನು ನೋಡಿದ ಹಕ್ಕಿಗಳು ಆ ಗುರುತಿನ ಪೊಟ್ಟಣಗಳನ್ನು ಹೆಚ್ಚಾಗಿ ದೂರವಿಟ್ಟವು. ಟಿ.ವಿ. ನೋಡಿ ಕಲಿತ ಹಕ್ಕಿಗಳು! ನಗಬೇಡಿ. ಇದರ ಅರ್ಥ ದೊಡ್ಡದು. ಒಂದು ದುಂಬಿಯ ಬಲಿಗೆ ಒಂದೇ ಹಕ್ಕಿ ಕಲಿಯಬೇಕಾಗಿಲ್ಲ, ಸುತ್ತ ಕುಳಿತು ನೋಡಿದವೂ ಕಲಿಯುತ್ತವೆ. ಮೊದಲನೆಯವನ ಕಷ್ಟ ನಾವು ಎಣಿಸಿದಷ್ಟು ದೊಡ್ಡದಲ್ಲ.

ಇವೆಲ್ಲದರ ಜೊತೆಗೆ ಬಣ್ಣ ಒಮ್ಮೆಗೇ ಮೈತುಂಬ ಬರಬೇಕಾಗಿಯೂ ಇರಲಿಲ್ಲ. ಕಪ್ಪೆ, ಸಲಮಾಂಡರ್‌ಗಳ ವಂಶವೃಕ್ಷವನ್ನು ಪರಿಶೀಲಿಸಿ 2023ರಲ್ಲಿ ಬಂದ ಅಧ್ಯಯನವೊಂದು, ಅಡಗುವ ಬಣ್ಣದಿಂದ ಎಚ್ಚರಿಕೆಯ ಬಣ್ಣಕ್ಕೆ ಹೋಗುವ ದಾರಿಯಲ್ಲಿ ಮಧ್ಯದ ನಿಲ್ದಾಣವೊಂದಿದೆ ಎಂದು ತೋರಿಸಿತು: ಬೆನ್ನು ಮಾಸಲು, ಹೊಟ್ಟೆ ಢಾಳು ಬಣ್ಣ, ಅಪಾಯ ಬಂದಾಗ ಮಾತ್ರ ತೋರಿಸುವುದು. ಅದು ಕಪ್ಪೆಗಳ ಮಾತು. ಆದರೆ ಕುಳಿತಾಗ ಕಂದು ಬಣ್ಣದವಾಗಿದ್ದು, ಹಾರಿದಾಗ ಕೆಂಪು ಹಿಂರೆಕ್ಕೆ ತೋರಿಸುವ ಪತಂಗಗಳನ್ನೂ ಮಿಡತೆಗಳನ್ನೂ ನೋಡಿದಾಗಲೆಲ್ಲ ನನಗೆ ಆ ನಿಲ್ದಾಣದ ನೆನಪಾಗುತ್ತದೆ.

ಈಗ ಎಕ್ಕೆ ಗಿಡದ ಹತ್ತಿರ ಬನ್ನಿ. ಹನುಮಪ್ಪನಿಗೆ ಮಾಲೆ ಕಟ್ಟುವ ಅದೇ ಎಕ್ಕೆ. ಎಲೆ ಮುರಿದರೆ ಹಾಲು ಸುರಿಯುತ್ತದೆ. ಆ ಹಾಲಿನಲ್ಲಿ ಹೃದಯದ ಬಡಿತ ಕೆಡಿಸುವ ವಿಷಗಳಿವೆ. ಆಡು ಸಹ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಇಂಥ ಗಿಡದ ಮೇಲೆ ಒಂದು ಪೇಟೆಯೇ ನೆರೆದಿರುತ್ತದೆ. ನೀಲಿ ಹಳದಿ ಗೀರುಗಳ ಎಕ್ಕೆ ಮಿಡತೆ ಇದೆ. ಅದರ ಮರಿಯನ್ನು ಮುಟ್ಟಿದರೆ ಬೆನ್ನಿನಿಂದ ರಸ ಚಿಮ್ಮಿಸುತ್ತದೆ. ಹಳದಿ ಹೇನುಗಳಿವೆ. ಕೆಂಪು ಕಪ್ಪು ತಿಗಣೆಗಳಿವೆ. ಪ್ಲೇನ್ ಟೈಗರ್ ಪಾತರಗಿತ್ತಿಯ ಪಟ್ಟೆ ಮರಿಹುಳುಗಳಿವೆ. ಒಂದಕ್ಕೊಂದು ನೆಂಟಸ್ತಿಕೆಯಿಲ್ಲ, ಆದರೆ ಯಾವುದಕ್ಕೂ ಮರೆಯಲ್ಲಿ ಕೂರುವ ಅಭ್ಯಾಸವಿಲ್ಲ.

ವಿಷ ತಿಂದರೂ ಅವು ಸಾಯುವುದಿಲ್ಲವೇಕೆ? ಈ ವಿಷ ಹಿಡಿಯುವುದು ಜೀವಕೋಶದೊಳಗಿನ ಸೋಡಿಯಂ ಅನ್ನು ಹೊರಹಾಕುವ ಪಂಪನ್ನು. ಇಂಥ ಹಾಲಿನ ಗಿಡಗಳನ್ನು ತಿನ್ನುವ ಚಿಟ್ಟೆ, ತಿಗಣೆ, ದುಂಬಿಗಳ ಆ ಪಂಪಿನಲ್ಲಿ, ಅದೂ ಒಂದೇ ಜಾಗದಲ್ಲಿ, ವಿಷದ ಹಿಡಿತ ಸಡಿಲಿಸುವ ಒಂದೇ ಬಗೆಯ ಬದಲಾವಣೆ ಬೇರೆ ಬೇರೆಯಾಗಿ ಆಗಿರುವುದನ್ನು 2012ರಲ್ಲಿ ಕಂಡುಹಿಡಿದರು. ಒಂದೇ ಬೀಗಕ್ಕೆ ಮೂರು ಊರಿನ ಮೂವರು ಕಮ್ಮಾರರು ಒಂದೇ ಬಗೆಯಲ್ಲಿ ರಿಪೇರಿ ಮಾಡಿದಂತೆ.

ಪ್ಲೇನ್ ಟೈಗರ್ ಕಿತ್ತಳೆ ಬಣ್ಣದ್ದು, ರೆಕ್ಕೆಯ ತುದಿಗೆ ಕಪ್ಪು, ಅದರಲ್ಲಿ ಬಿಳಿ ಪಟ್ಟಿ. ನಿಧಾನವಾಗಿ ಹಾರುತ್ತದೆ. ಅದರ ಸಂಬಂಧಿ ಅಮೆರಿಕದ ಮೊನಾರ್ಕ್ ಚಿಟ್ಟೆಯನ್ನು ತಿಂದ ಬ್ಲೂ ಜೇ ಹಕ್ಕಿ ಸ್ವಲ್ಪ ಹೊತ್ತಿಗೆ ವಾಂತಿ ಮಾಡಿಕೊಂಡಿತು. ಲಿಂಕನ್ ಬ್ರೋವರ್ 1969ರಲ್ಲಿ ಪ್ರಕಟಿಸಿದ ಆ ಚಿತ್ರ ಪಠ್ಯಪುಸ್ತಕಗಳಿಗೆಲ್ಲ ಹೋಯಿತು.

ಮಳೆಗಾಲ ಮುಗಿಯುವಾಗ ಪ್ಲೇನ್ ಟೈಗರ್‌ನಂತೆಯೇ ಕಾಣುವ ಇನ್ನೊಂದು ಚಿಟ್ಟೆ ಹೊಲದ ಬದುಗಳಲ್ಲಿ ಹಾರಾಡುತ್ತಿರುತ್ತದೆ: ಡಾನೈಡ್ ಎಗ್‌ಫ್ಲೈ ಎಂಬುದರ ಹೆಣ್ಣು. ಇದರ ಮರಿ ತಿನ್ನುವುದು ಗೋಣಿ ಸೊಪ್ಪು, ನಾವು ಪಲ್ಯ ಮಾಡಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಸೊಪ್ಪು. ಅದರಲ್ಲಿ ಎಕ್ಕೆಯ ವಿಷ ಎಲ್ಲಿಂದ ಬರಬೇಕು? ಅಂದರೆ ಈ ಹೆಣ್ಣು ನಕಲಿ. ಗಂಡು ಬೇರೆಯೇ ವೇಷ: ಕಪ್ಪು ರೆಕ್ಕೆಗೆ ದೊಡ್ಡ ಬಿಳಿ ಚುಕ್ಕೆಗಳು, ಅಂಚಿಗೆ ನೀಲಿ ಹೊಳಪು. ಮೊಟ್ಟೆಯ ಭಾರ ಹೊತ್ತು ಗಿಡದಿಂದ ಗಿಡಕ್ಕೆ ನಿಧಾನವಾಗಿ ಸುತ್ತುವ ಹೆಣ್ಣಿಗೇ ರಕ್ಷಣೆ ಹೆಚ್ಚು ಬೇಕು ಎಂಬುದು ಇದಕ್ಕೆ ಕೊಡುವ ಕಾರಣಗಳಲ್ಲಿ ಒಂದು.

ಇದನ್ನು ಮೊದಲು ಬಿಡಿಸಿ ಹೇಳಿದವನು ಆಗಲೇ ಹೆಸರಿಸಿದ ಬೇಟ್ಸ್. 1848ರಲ್ಲಿ ವಾಲೇಸ್ ಜೊತೆ ಅಮೆಜಾನಿಗೆ ಹೋಗಿ ಹನ್ನೊಂದು ವರ್ಷ ಅಲ್ಲಿಯೇ ಇದ್ದು, ವಿಷವಿಲ್ಲದ ಚಿಟ್ಟೆ ವಿಷದ ಚಿಟ್ಟೆಯ ವೇಷ ತೊಟ್ಟು ಹಕ್ಕಿಗಳಿಂದ ಪಾರಾಗುತ್ತದೆ ಎಂಬ ತನ್ನ ಪ್ರಬಂಧವನ್ನು 1862ರಲ್ಲಿ ಅಚ್ಚು ಮಾಡಿಸಿದ.

ನಮ್ಮ ಕಡೆಯವರಿಗೆ ಬೇಟ್ಸ್ ಹೇಳಿದ್ದನ್ನು ತಿಳಿಸಲು ಹಗಲುವೇಷದವರು ಸಾಕು. ನನ್ನ ಬಾಲ್ಯದಲ್ಲಿ ಒಬ್ಬರು ಫೌಜುದಾರನ ವೇಷದಲ್ಲಿ ಊರಿಗೆ ಬಂದಿದ್ದರು. ಖಾಕಿ, ಬೆತ್ತ, ಮೀಸೆ. ಕಟ್ಟೆಯ ಮೇಲೆ ಕುಳಿತು ಇಸ್ಪೀಟು ಆಡುತ್ತಿದ್ದವರು ಎದ್ದು ಓಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಎರಡನೆಯ ದಿನ ಅದೇ ವೇಷಕ್ಕೆ ಅವರು ಕೂತಲ್ಲಿಂದ ಏಳಲಿಲ್ಲ, ನಗುತ್ತ ದುಡ್ಡು ಕೊಟ್ಟರು. ವೇಷಕ್ಕೆ ಬೆಲೆ ಬರುವುದು ಅಸಲಿ ಫೌಜುದಾರ ಆಗಾಗ ಬರುತ್ತಿದ್ದರೆ, ಅವನ ಬೆತ್ತದ ನೆನಪು ಬೆನ್ನಿನ ಮೇಲಿದ್ದರೆ. ನಕಲಿಗಳು ಹೆಚ್ಚಾದರೆ ಖಾಕಿಯ ಅಂಜಿಕೆಯೇ ಹೋಗುತ್ತದೆ. ಆಗ ಅಸಲಿಗೂ ನಷ್ಟ.

ಎಷ್ಟು ಹೆಚ್ಚಾದರೆ? ಜೇನ್ ಬ್ರೋವರ್ 1960ರಲ್ಲಿ ಸ್ಟಾರ್ಲಿಂಗ್ ಹಕ್ಕಿಗಳಿಗೆ ಹಸಿರು ಬಣ್ಣ ಬಳಿದ ಹುಳುಗಳನ್ನು ಕೊಟ್ಟು ನೋಡಿದರು. ಕೆಲವನ್ನು ಕ್ವಿನೈನಿನಲ್ಲಿ ಅದ್ದಿ ಕಹಿ ಮಾಡಿದ್ದರು, ಉಳಿದವು ಬರೀ ಬಣ್ಣದವು. ನೂರಕ್ಕೆ 60 ನಕಲಿ ಇದ್ದಾಗಲೂ ಹಕ್ಕಿಗಳು ಬಹುಪಾಲು ನಕಲಿಗಳನ್ನು ಮುಟ್ಟಲಿಲ್ಲ. ನಕಲಿಗಳು 90ಕ್ಕೆ ಏರಿದಾಗ ವೇಷ ಬಹುಮಟ್ಟಿಗೆ ಬಯಲಾಯಿತು. ಕಹಿ ಹೆಚ್ಚಿದ್ದಷ್ಟೂ ನೆನಪು ಗಟ್ಟಿ, ನೆನಪು ಗಟ್ಟಿಯಾದಷ್ಟೂ ನಕಲಿಗಳಿಗೆ ಜಾಗ ಹೆಚ್ಚು.

ಮುಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, ತಾನು ನಕಲಿ ಎಂದು ಆ ಚಿಟ್ಟೆಗೆ ಗೊತ್ತಿರುತ್ತದೆಯೇ?”

ಇಲ್ಲಮ್ಮ. ಹಗಲುವೇಷದವರಿಗೂ ಚಿಟ್ಟೆಗೂ ವ್ಯತ್ಯಾಸ ಇರುವುದು ಅಲ್ಲಿಯೇ. ಅವರು ಕನ್ನಡಿ ನೋಡಿ ಮೀಸೆ ಅಂಟಿಸಿಕೊಳ್ಳುತ್ತಾರೆ. ಚಿಟ್ಟೆಗೆ ಮೀಸೆ ಅಂಟಿಸಿದ್ದು ಹಕ್ಕಿಗಳು, ಸರಿಯಾಗಿ ಹೋಲದವುಗಳನ್ನು ತಲೆಮಾರಿನಿಂದ ತಲೆಮಾರಿಗೆ ಹೆಕ್ಕಿ ತಿನ್ನುತ್ತಾ.

ಇನ್ನೊಂದು ಬಗೆಯ ಹೋಲಿಕೆಯಿದೆ, ಬೇಟ್ಸ್‌ಗೆ ಬಿಡಿಸಲಾಗದೆ ಉಳಿದದ್ದು. ಎರಡು ಜಾತಿಗಳೂ ವಿಷದವು, ಆದರೂ ಒಂದೇ ಬಣ್ಣ. ಇಬ್ಬರೂ ಅಸಲಿ ಫೌಜುದಾರರಾಗಿದ್ದರೆ ಒಂದೇ ಸಮವಸ್ತ್ರ ಏಕೆ? ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ವಿಜ್ಞಾನಿ ಫ್ರಿಟ್ಸ್ ಮ್ಯುಲರ್ 1870ರ ದಶಕದ ಕೊನೆಯಲ್ಲಿ ಲೆಕ್ಕ ಹಾಕಿ ತೋರಿಸಿದ. ನಮ್ಮ ಸಾಮೂಹಿಕ ಮದುವೆಯ ಲೆಕ್ಕವೇ ಅದು. ಒಂದು ಊರಿನ ಹಕ್ಕಿಗಳು ಒಂದು ಬಣ್ಣದ ಪಾಠ ಕಲಿಯಲು 120 ಚಿಟ್ಟೆಗಳನ್ನು ಕೊಲ್ಲುತ್ತವೆ ಎನ್ನಿ. ಒಂದು ಜಾತಿಯಲ್ಲಿ 10,000, ಇನ್ನೊಂದರಲ್ಲಿ 2,000 ಚಿಟ್ಟೆಗಳು. ಬಣ್ಣ ಬೇರೆಯಾಗಿದ್ದರೆ ಎರಡೂ 120ರಂತೆ ಕಳೆದುಕೊಳ್ಳುತ್ತವೆ. ಬಣ್ಣ ಒಂದೇ ಆದರೆ ಒಟ್ಟು ಸಾವು 120, ಸಂಖ್ಯೆಗೆ ತಕ್ಕಂತೆ ಹಂಚಿಕೆ: ದೊಡ್ಡದಕ್ಕೆ 100, ಚಿಕ್ಕದಕ್ಕೆ 20. ದೊಡ್ಡ ಜಾತಿ 10,000ದಲ್ಲಿ 20 ಉಳಿಸಿತು. ಚಿಕ್ಕದು 2,000ದಲ್ಲಿ 100 ಉಳಿಸಿತು. ಪ್ರಮಾಣ ನೋಡಿದರೆ ಚಿಕ್ಕದಕ್ಕೆ 25 ಪಟ್ಟು ಲಾಭ. ಒಂದೇ ಹಂದರದಲ್ಲಿ ಮದುವೆಯಾದರೆ ಬಡವರ ಮನೆಯವರಿಗೇ ಹೆಚ್ಚು ಉಳಿತಾಯ.

ಆದರೆ ಅಸಲಿ ನಕಲಿ ಎಂಬ ಗೆರೆ ಯಾವಾಗಲೂ ಅಷ್ಟು ಖಡಾಖಂಡಿತವಲ್ಲ. ಮೊನಾರ್ಕಿನ ನಕಲಿ ಎಂದು ತಲೆತಲಾಂತರದಿಂದ ಕಲಿಸುತ್ತಿದ್ದ ವೈಸ್‌ರಾಯ್ ಚಿಟ್ಟೆಯೂ ಕಹಿಯೇ ಎಂದು 1991ರಲ್ಲಿ ಗೊತ್ತಾಯಿತು. ಹಕ್ಕಿಗಳಿಗೆ ಬರೀ ಹೊಟ್ಟೆಯ ಭಾಗ ಕೊಟ್ಟು, ರೆಕ್ಕೆ ಕಾಣದಂತೆ ಮಾಡಿ ಕೇಳಿದರು, ರುಚಿ ಹೇಗಿದೆ ಎಂದು. ನಾನು ಹದಿನೈದು ವರ್ಷ ತಪ್ಪು ಪಾಠ ಮಾಡಿದ್ದೆ. ಹಳೆಯ ವಿದ್ಯಾರ್ಥಿಗಳು ಇಲ್ಲಿದ್ದರೆ ತಿದ್ದಿಕೊಳ್ಳಿ.

ಕೊನೆಗೆ ಕರಿಬೇವಿನ ಗಿಡ. ಎಲೆ ಕೀಳಲು ಹೋದಾಗ ಹಕ್ಕಿಯ ಹಿಕ್ಕೆಯಂಥದ್ದು ಕಂಡು ಕೈ ಹಿಂದೆ ತೆಗೆದಿದ್ದರೆ, ನೀವೂ ಮೋಸಹೋದಿರಿ. ಅದು ಕಾಮನ್ ಮಾರ್ಮನ್ ಚಿಟ್ಟೆಯ ಎಳೆಯ ಮರಿಹುಳು. ಬೆಳೆದಂತೆ ಹಸಿರಾಗುತ್ತದೆ. ಇದರ ಗಂಡಿಗೆ ಒಂದೇ ರೂಪ: ಕಪ್ಪು, ಹಿಂರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಸಾಲು. ಹೆಣ್ಣಿಗೆ ನಮ್ಮ ದೇಶದಲ್ಲಿ ಮೂರು ರೂಪ. ಒಂದು ಗಂಡಿನಂತೆ. ಇನ್ನೊಂದು ಕಾಮನ್ ರೋಸ್ ಎಂಬ ವಿಷದ ಚಿಟ್ಟೆಯಂತೆ. ಮೂರನೆಯದು ಕ್ರಿಮ್ಸನ್ ರೋಸ್ ಎಂಬ ಇನ್ನೊಂದು ವಿಷದ ಚಿಟ್ಟೆಯಂತೆ. ಆ ಎರಡು ರೋಸ್‌ಗಳೂ ಈಶ್ವರಿ ಬಳ್ಳಿಯನ್ನು, ಎರೆಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಅದರ ನೆಂಟ ಗಿಡವನ್ನು ತಿಂದು ವಿಷ ಪಡೆಯುತ್ತವೆ. ಮೂರನೆಯ ರೂಪದ ಮಾರ್ಮನ್ ಕಾಣುವುದು ಕ್ರಿಮ್ಸನ್ ರೋಸ್ ಇರುವ ಭಾರತ, ಶ್ರೀಲಂಕಾಗಳ ಕಡೆಯೇ. ಅಸಲಿ ಇಲ್ಲದ ನಾಡಿನಲ್ಲಿ ಆ ವೇಷಕ್ಕೆ ಗಿರಾಕಿಯಿಲ್ಲ. ಈ ಹೆಣ್ಣುಗಳೆಲ್ಲ ಒಂದೇ ಜಾತಿ ಎಂದು 1865ರಲ್ಲಿ ಬರೆದವನೂ ವಾಲೇಸನೇ.

ಒಂದೇ ತಾಯಿಯ ಮೊಟ್ಟೆಗಳಿಂದ ಬೇರೆ ಬೇರೆ ರೂಪದ ಹೆಣ್ಣುಗಳು ಬರಬಹುದು, ಆದರೆ ಅರ್ಧ ಇದು ಅರ್ಧ ಅದು ಎಂಬ ಕಲಸುಮೇಲೋಗರ ಬರುವುದಿಲ್ಲ. ಬಣ್ಣ, ಆಕಾರ, ಚುಕ್ಕೆ ಎಲ್ಲಕ್ಕೂ ಒಂದೊಂದು ಜೀನು, ಅವೆಲ್ಲ ಒತ್ತೊತ್ತಾಗಿ ಕುಳಿತು ಒಂದೇ ಗಂಟಾಗಿ ಸಾಗುತ್ತವೆ ಎಂದು ಬಹಳ ಕಾಲ ನಂಬಿದ್ದರು. 2014ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಮತ್ತು ಜೊತೆಗಾರರು ಆ ಗಂಟನ್ನು ಬಿಚ್ಚಿದರು. ಒಳಗೆ ಇದ್ದದ್ದು ಒಂದೇ ಜೀನು, ಡಬಲ್‌ಸೆಕ್ಸ್. ಕೀಟಗಳ ಮೈಯಲ್ಲಿ ಗಂಡು ಹೆಣ್ಣಿನ ವ್ಯತ್ಯಾಸ ನೋಡಿಕೊಳ್ಳುವ ಹಳೆಯ ನೌಕರ ಅದು. ಅದಕ್ಕೇ ಈ ವೇಷವನ್ನೂ ವಹಿಸಿಕೊಟ್ಟಿದೆ. ವೇಷದ ಜೀನು ತಲೆಕೆಳಗಾಗಿ ಕುಳಿತಿರುವುದರಿಂದ ವೇಷವಿಲ್ಲದ ರೂಪದ ಜೀನಿನೊಡನೆ ಬೆರೆತು ಕೆಡುವುದಿಲ್ಲ. ಮೊದಲ ಹೆಜ್ಜೆ ಇಂಥ ಒಂದು ದೊಡ್ಡ ಜಿಗಿತ, ಸುಮಾರಾಗಿ ಹೋಲುವಷ್ಟು. ಆಮೇಲೆ ಸಣ್ಣ ಸಣ್ಣ ತಿದ್ದುಪಡಿ. ಮೊದಲು ಖಾಕಿ ಕೋಟು, ಆಮೇಲೆ ಬೆತ್ತ, ಸೀಟಿ.

ಹಿಂದಿನ ಸಾಲಿನಲ್ಲಿ ಕುಳಿತಿದ್ದ ಜೇವರ್ಗಿ ಕಡೆಯ ರೈತರೊಬ್ಬರು ಎದ್ದು ನಿಂತರು. “ಸರ್, ಕಥೆ ಚೆನ್ನಾಗಿದೆ. ಆ ಪಟ್ಟೆ ದುಂಬಿಗೆ ಎಣ್ಣೆ ಹೊಡೆಯಬೇಕೋ ಬೇಡವೋ, ಅದನ್ನು ಹೇಳಿ.”

ನಾನು ಪ್ರಾಣಿಶಾಸ್ತ್ರದ ಮೇಷ್ಟರು ಕಾಕಾ, ಕೃಷಿ ಅಧಿಕಾರಿಯಲ್ಲ. ಆದರೆ ಇಷ್ಟು ಹೇಳಬಲ್ಲೆ. ದೊಡ್ಡ ದುಂಬಿ ನಿಮ್ಮ ಹೂವು ತಿನ್ನುವುದು ನಿಜ. ಅದರ ಮರಿ ಮಣ್ಣಿನೊಳಗೆ ತಿನ್ನುವುದು ಮಿಡತೆಯ ಮೊಟ್ಟೆಗಳನ್ನು. ಅಲ್ಲಲ್ಲಿ ನಾಲ್ಕು ಕಂಡರೆ ಕೈಗೆ ಬಟ್ಟೆ ಸುತ್ತಿಕೊಂಡು ಆಯ್ದು ಹಾಕಿ. ಹೊಲಕ್ಕೆ ಹೊಲವೇ ತುಂಬಿದರೆ ಕೃಷಿ ಸಂಶೋಧನಾ ಕೇಂದ್ರದವರನ್ನು ಕೇಳಿ. ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ, ನನ್ನ ಕತ್ತು ಸಾಕ್ಷಿ.

ಸಭೆ ಮುಗಿದ ಮೇಲೆ, ಮೊದಲು ಪ್ರಶ್ನೆ ಕೇಳಿದ್ದ ಹುಡುಗಿ ಮೊಬೈಲ್ ಹಿಡಿದು ಬಂದಳು. ಅಂಗಳದ ದಾಸವಾಳದ ಮೇಲೆ ತೆಗೆದ ಚಿತ್ರ: ಕಪ್ಪು ರೆಕ್ಕೆ, ಬಿಳಿ ಮಚ್ಚೆ, ಅಂಚಿಗೆ ಕೆಂಪು ಚುಕ್ಕೆಗಳು. “ಇದು ಅಸಲಿಯೋ ನಕಲಿಯೋ ಸರ್?” ಎಂದಳು. ರೆಕ್ಕೆ ನೋಡಿದರೆ ನನಗೂ ಹೇಳಲಾಗದು, ಮೈಯನ್ನು ದೊಡ್ಡದು ಮಾಡಿ ತೋರಿಸು ಎಂದೆ. ರೋಸ್ ಚಿಟ್ಟೆಗಳ ಮೈ ಕೆಂಪು. ಮಾರ್ಮನ್ ಎಷ್ಟೇ ವೇಷ ಹಾಕಿದರೂ ಅಲ್ಲಿ ಬಣ್ಣ ಹಚ್ಚಿಕೊಂಡಿಲ್ಲ, ಹಕ್ಕಿಗಳು ಅಷ್ಟು ಹತ್ತಿರದಿಂದ ನೋಡುವುದಿಲ್ಲವೇನೋ.

ಅವಳು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿದಳು. ಮೈ ಕಪ್ಪಾಗಿತ್ತು.

“ಮನೆಯಲ್ಲಿ ಕರಿಬೇವಿನ ಗಿಡ ಇದೆಯೇನಮ್ಮ?” ಎಂದು ಕೇಳಿದೆ.

ಇದೆ ಎಂದಳು.